ಪಡಸಾಲೆಯ ಕಡಲು

“ಏನ್ರೀ ಮಾಸ್ತರ, ಕಲಬುರಗಿಗಿ ಸಮುದ್ರ ಎಲ್ಲಿಂದ ತಂದ್ರಿ?”

ನಮ್ಮ ಮನೆಗೆ ಬಂದವರೆಲ್ಲರೂ ಪಡಸಾಲೆಯಲ್ಲಿರುವ ಗಾಜಿನ ತೊಟ್ಟಿಯನ್ನು ಕಂಡು ಕೇಳುವ ಮೊದಲನೆಯ ಪ್ರಶ್ನೆ ಇದು. ಕೇಳುವುದು ಸಹಜವೇ. ಭೂಪಟದ ಮೇಲೆ ನೇರವಾದ ಗೆರೆಯೆಳೆದು ನೋಡಿದರೂ ನಮ್ಮೂರಿಗೂ ಪಶ್ಚಿಮ ಸಮುದ್ರಕ್ಕೂ ಮುನ್ನೂರೈವತ್ತು ಕಿಲೋಮೀಟರಿಗೆ ಕಡಮೆಯಿಲ್ಲದ ಅಂತರವಿದೆ. ವೈಶಾಖದ ಬಿಸಿಲಿನಲ್ಲಿ ಪಾದರಸವು ನಲವತ್ತೆರಡು ಡಿಗ್ರಿಯನ್ನು ದಾಟುವ ಈ ಊರಿನಲ್ಲಿ, ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ದಿನಗಳುಂಟು. ಇಂಥಲ್ಲಿ ಉಪ್ಪುನೀರಿನ ಮೀನು ಸಾಕುವವನನ್ನು ನೋಡಿ ಜನ ನಕ್ಕರೆ ತಪ್ಪೇನು?

ಆದರೆ ನಾನು ಅವರಿಗೆ ಉತ್ತರವಾಗಿ ಕಾಲಡಿಯ ನೆಲವನ್ನು ತೋರಿಸುತ್ತೇನೆ. ನಮ್ಮ ಕಡೆಯ ಮನೆಗಳಲ್ಲಿ ಹಾಸಿರುವ ಶಹಾಬಾದ ಕಲ್ಲು ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಈ ಭೀಮಾ ಸೀಮೆಯನ್ನು ಆವರಿಸಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ನೆಲೆನಿಂತ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಹವಳದ ಹುಳು ತನ್ನ ಮೈಯ ಸುತ್ತ ಕಟ್ಟಿಕೊಳ್ಳುವ ಮನೆಯೂ ಇದೇ ಸುಣ್ಣದಿಂದ ಆದದ್ದು. ಕಲಬುರಗಿಗೆ ಕಡಲು ಹೊಸತಲ್ಲ. ಬಹುಕಾಲ ಊರಿಗೆ ಬಾರದಿದ್ದ ನೆಂಟ, ಅಷ್ಟೆ.

ನೆಂಟನನ್ನು ಕರೆದವಳು ನನ್ನ ಹತ್ತು ವರ್ಷದ ಮಗಳು. ಮುರುಡೇಶ್ವರಕ್ಕೆ ಹೋಗಿದ್ದಾಗ, ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳು ಬೆಳೆದಿವೆಯೆಂಬುದನ್ನೂ, ಅವುಗಳ ನಡುವೆ ಬಣ್ಣಬಣ್ಣದ ಮೀನುಗಳು ಆಡುತ್ತವೆಂಬುದನ್ನೂ ಅವಳು ಕೇಳಿ ಬಂದಳು. ಊರಿಗೆ ಮರಳಿದ ಮೇಲೆ ಹಟ ಆರಂಭವಾಯಿತು. ಕನ್ನಡ ಎಂ. ಎ. ಮಾಡಿ ಕಾಲೇಜಿನಲ್ಲಿ ಛಂದಸ್ಸು ಹೇಳಿಕೊಡುವ ನನಗೆ ನೀರಿನ ಶಾಸ್ತ್ರ ಏನು ಗೊತ್ತು? ಆದರೂ ಒಪ್ಪಿಕೊಂಡೆ. 120 ಸೆಂಟಿಮೀಟರು ಉದ್ದ, 45 ಅಗಲ, 45 ಎತ್ತರದ ಒಂದು ಗಾಜಿನ ತೊಟ್ಟಿ ಬಂದಿತು. ಅದರ ಕೆಳಗೆ ಬೀರುವಿನಂಥ ಪೀಠದೊಳಗೆ ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನ ತೊಟ್ಟಿಯಿಂದ ನೀರು ಕೆಳಕ್ಕಿಳಿದು ಶುದ್ಧವಾಗಬೇಕು, ಪಂಪು ಅದನ್ನು ಮತ್ತೆ ಮೇಲಕ್ಕೇರಿಸಬೇಕು, ಇದು ಏರ್ಪಾಟು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿದ ಶುದ್ಧಜಲ, ನಾಲ್ಕಾರು ಕೃತಕ ಬಂಡೆಗಳು, ಆರು ವಾರಗಳ ಕಾಯುವಿಕೆ, ಅನಂತರ ಐದು ಪುಟ್ಟ ಮೀನುಗಳು. ಎಲ್ಲವೂ ಸರಿಯಾಗಿದೆಯೆಂದು ನಾವು ಹಿಗ್ಗಿದೆವು.

ಆ ಒಂದು ರಾತ್ರಿ

ಮೇ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ಗಾಳಿಮಳೆ ಎದ್ದಿತು, ವಿದ್ಯುತ್ತು ಹೋಯಿತು. ನಾವು ಬೀಸಣಿಗೆ ಹಿಡಿದು ಮಲಗಿದೆವು. ಬೆಳಗಿನ ಜಾವ ನನ್ನ ಮಡದಿ ನೀರಿಗೆಂದು ಎದ್ದವಳು ಪಡಸಾಲೆಯಲ್ಲಿ ಕಾಲಿಟ್ಟೊಡನೆ ಚೀರಿದಳು. ಶಹಾಬಾದ ಕಲ್ಲಿನ ಮೇಲೆಲ್ಲ ಉಪ್ಪುನೀರು ನಿಂತಿತ್ತು. ಹಳೆಯ ಕಡಲು ತನ್ನ ತಳವನ್ನು ಹುಡುಕಿಕೊಂಡು ಬಂದಂತಿತ್ತು! ನೆಲ ಒರೆಸುವ ಗಡಿಬಿಡಿಯಲ್ಲಿ ತೊಟ್ಟಿಯ ಕಡೆ ಮೊದಲು ನೋಡಿದವಳು ಮಗಳೇ. ಮೂರು ಮೀನುಗಳು ಸತ್ತು ತಳ ಸೇರಿದ್ದವು. ಉಳಿದೆರಡು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು.

ಅವಳು ಅಳಲಿಲ್ಲ. “ಅಪ್ಪಾ, ರಾತ್ರಿಯೆಲ್ಲ ಅವಕ್ಕ ಉಸುರು ಕಟ್ಟಿತ್ತೇನು?” ಎಂದು ಕೇಳಿದಳು. ಅತ್ತಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಪೇಟೆಯ ಅಂಗಡಿಯವರನ್ನು ವಿಚಾರಿಸಿದೆ. “ದೊಡ್ಡ ಪಂಪು ತಗೊಳ್ರಿ” ಎಂದರು. ಆ ಮಾತಿನಲ್ಲಿ ನನಗೆ ನಂಬಿಕೆ ಹುಟ್ಟಲಿಲ್ಲ. ವಿದ್ಯುತ್ತೇ ಇಲ್ಲದಾಗ ದೊಡ್ಡ ಪಂಪೂ ಚಿಕ್ಕ ಪಂಪೂ ಒಂದೇ ಅಲ್ಲವೆ?

ಸ್ಥಾವರಕ್ಕೆ ಜಂಗಮ

ಓದಲು ಕುಳಿತೆ. ಓದಿದ್ದರಲ್ಲಿ ಮುಖ್ಯವಾದುದನ್ನು ವಾಚಕರಿಗೆ ಹೇಳುತ್ತೇನೆ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರು ಸಿಹಿನೀರು ಗಾಳಿಯಿಂದ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹೀರಿಟ್ಟುಕೊಳ್ಳಬಲ್ಲದು. ಅದೇ ಉಷ್ಣತೆಯಲ್ಲಿ ಕಡಲನೀರು 7 ಮಿಲಿಗ್ರಾಮನ್ನೂ ಮುಟ್ಟದು. ಉಷ್ಣತೆ 32ಕ್ಕೇರಿದರೆ ಅದು 6ರ ಆಸುಪಾಸಿಗೆ ಇಳಿಯುತ್ತದೆ. ಬಿಸಿಯೇರಿದ ನೀರಿನಲ್ಲಿ ಮೀನಿಗೆ ಉಸಿರು ಹೆಚ್ಚು ಬೇಕು, ನೀರಿನಲ್ಲಿರುವುದೋ ಕಡಮೆ. ಈ ಆಮ್ಲಜನಕವು ಒಳಬರುವ ಬಾಗಿಲು ನೀರಿನ ಮೇಲ್ಮೈಯೊಂದೇ. ಮೇಲ್ಮೈ ಕದಡದೆ ನಿಂತರೆ ಬಾಗಿಲು ಮುಚ್ಚಿದಂತೆಯೇ ಸರಿ.

ಮೀನಾದರೋ ಈಜಿ ಮೇಲಕ್ಕೆ ಬಂದೀತು. ಹವಳಕ್ಕೆ ಆ ಭಾಗ್ಯವೂ ಇಲ್ಲ. ಅದು ಪ್ರಾಣಿಯಾದರೂ ಗಿಡದಂತೆ ಒಂದೆಡೆ ನೆಟ್ಟು ನಿಂತ ಜೀವ. ಅದರ ಮೈಯೊಳಗೆ ಮನೆಮಾಡಿಕೊಂಡ ಸೂಕ್ಷ್ಮ ಪಾಚಿಗಳು ಹಗಲು ಬೆಳಕಿನಿಂದ ಅನ್ನವನ್ನೂ ಆಮ್ಲಜನಕವನ್ನೂ ಒದಗಿಸುತ್ತವೆ. ಕತ್ತಲಾದೊಡನೆ ಆ ಪಾಚಿಗಳೂ ಆಮ್ಲಜನಕವನ್ನು ಬಳಸುವ ಪಂಕ್ತಿಯಲ್ಲಿ ಕುಳಿತುಬಿಡುತ್ತವೆ. ಹವಳಕ್ಕೆ ಉಸಿರು ತರುವುದು, ಆಹಾರದ ಕಣ ತರುವುದು, ಕಶ್ಮಲವನ್ನು ತೊಳೆದೊಯ್ಯುವುದು, ಇದೆಲ್ಲವೂ ಹರಿಯುವ ನೀರಿನ ಕೆಲಸ. ನೀರು ನಿಂತರೆ ಹವಳದ ಮೈಗೆ ಅಂಟಿಕೊಂಡ ನೀರಿನ ತೆಳುಪೊರೆ ದಪ್ಪವಾಗಿ, ಆಚೆಯದು ಈಚೆಗೆ ಬಾರದು, ಈಚೆಯದು ಆಚೆಗೆ ಹೋಗದು. ಬಸವಣ್ಣನವರ ನಾಡಿನಲ್ಲಿ ಹುಟ್ಟಿದ ನನಗೆ ಎರಡು ಹಳೆಯ ಶಬ್ದಗಳು ನೆನಪಾದವು: ಹವಳವು ಸ್ಥಾವರ, ಆದುದರಿಂದ ನೀರು ಜಂಗಮವಾಗಲೇಬೇಕು.

ತತ್ತ್ವವೇನೋ ತಿಳಿಯಿತು. ಅದನ್ನು ಕೊಳವೆಗಳಲ್ಲಿ ಅಳವಡಿಸುವುದು ಹೇಗೆಂಬುದು ತಿಳಿದದ್ದು ಕಮಲಾಪುರದಿಂದ.

ಬಾಳೆಯ ತೋಟದ ವಿದ್ಯೆ

ಕಮಲಾಪುರವು ಕಲಬುರಗಿಯಿಂದ ಹುಮನಾಬಾದ, ಬೀದರಗಳ ಕಡೆಗೆ ಹೋಗುವ ಹಾದಿಯಲ್ಲಿದೆ. ಅಲ್ಲಿನ ಕೆಂಪು ಬಾಳೆಯ ಹೆಸರನ್ನು ಕೇಳದವರು ವಿರಳ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ನನ್ನ ಮಡದಿಯ ಅಣ್ಣನವರದು ಅಲ್ಲಿ ಬಾಳೆಯ ತೋಟ. ಸೊಸೆಯ ದುಃಖದ ಸುದ್ದಿ ಮುಟ್ಟಿದ ಮರುದಿನವೇ ಭಾವನವರು ಒಂದು ಗೊನೆಯನ್ನು ಹೆಗಲಿಗೇರಿಸಿಕೊಂಡು ಬಂದಿಳಿದರು. ಚಹಾ ಕುಡಿಯುವ ಮೊದಲೇ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಮಾಸ್ತರ, ಇದು ಕೆರಿ ಇದ್ದಂಗ ಅದ. ಕೆರಿಗಿ ಕೋಡಿ ಎಲ್ಲಿ ಅದ, ತೂಬು ಎಲ್ಲಿ ಅದ, ಅದನ್ನ ಮೊದಲ ತೋರಸ್ರಿ.”

ನಾನು ತೋರಿಸಿದೆ. ತೊಟ್ಟಿಯ ಹಿಂಬದಿಯ ಮೇಲಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಸಂದುಗಳುಂಟು. ಮಟ್ಟ ಮೀರಿದ ನೀರು ಅಲ್ಲಿಂದ ಕೊಳವೆಗೆ ಬಿದ್ದು ಕೆಳಗಿಳಿಯುತ್ತದೆ. ಅದೇ ಕೋಡಿ. ವಿದ್ಯುತ್ತು ಹೋದರೆ ನೀರಿನ ಮಟ್ಟ ಕೋಡಿಗೆ ಬಂದು ನಿಲ್ಲಬೇಕಷ್ಟೆ. ಹಾಗಾದರೆ ನೆಲಕ್ಕೆ ನೀರು ಬಂದದ್ದೆಲ್ಲಿಂದ?

ಭಾವನವರು ಪಂಪಿನಿಂದ ಮೇಲಕ್ಕೆ ಬರುವ ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಟ್ಟಿದರು. ಅದು ನೀರಿನೊಳಗೆ 10 ಸೆಂಟಿಮೀಟರು ಮುಳುಗಿತ್ತು. “ಮೋಟಾರ ನಿಂತ ಕೂಡಲೆ ಇದೇ ಪೈಪು ತಿರುಗಿ ನೀರು ಎಳೀತದ. ಬಾಯಿ ಎಲ್ಲಿತನ ಮುಳುಗೇದೋ ಅಲ್ಲಿತನ ಕೆರಿ ಖಾಲಿ.” ಸೈಫನ್ ಎಂಬ ಹೆಸರನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅವರು ಅದನ್ನು ಹೊಲದಲ್ಲಿ ಕಂಡಿದ್ದರು.

ಮಗಳು ಪಾಟಿ ತಂದಳು. ಉದ್ದ 120, ಅಗಲ 45, ಇಳಿದ ಆಳ 10. ಗುಣಿಸಿದರೆ 54,000 ಘನ ಸೆಂಟಿಮೀಟರು, ಎಂದರೆ 54 ಲೀಟರು. ಕೆಳತೊಟ್ಟಿಯಲ್ಲಿ ಬರಿದಾಗಿದ್ದ ಜಾಗ 36 ಲೀಟರಿನದು. ಉಳಿದ 18 ಲೀಟರು ಎಲ್ಲಿಗೆ ಹೋಗಬೇಕು? ನೆಲಕ್ಕೇ. ಅಪರಾಧಿ ಸಿಕ್ಕಿದನು!

ಪರಿಹಾರವೂ ಅದೇ ಲೆಕ್ಕದಲ್ಲಿ ಅಡಗಿತ್ತು. ಕೊಳವೆಯ ಬಾಯಿಯನ್ನು ಮೇಲ್ಮೈಯಿಂದ ಎರಡೇ ಸೆಂಟಿಮೀಟರು ಕೆಳಗೆ ತಂದೆವು. ಈಗ ಹಿಂದಿರುಗುವುದು 11 ಲೀಟರಿಗಿಂತ ತುಸು ಕಡಮೆ. ಕೋಡಿಯ ಪೆಟ್ಟಿಗೆಯಲ್ಲಿಯೂ ಕೊಳವೆಗಳಲ್ಲಿಯೂ ಇರುವ ಕೆಲವು ಲೀಟರು ಸೇರಿದರೂ ಕೆಳತೊಟ್ಟಿ ತುಳುಕದು. ಕೊಳವೆಯಲ್ಲಿ ಮೇಲ್ಮೈಗೆ ಸಮೀಪವಾಗಿ ಒಂದು ಸಣ್ಣ ರಂಧ್ರವನ್ನೂ ಕೊರೆದೆವು. ಮಟ್ಟ ಇಳಿದೊಡನೆ ಅದರೊಳಗೆ ಗಾಳಿ ಹೊಕ್ಕು ಸೈಫನ್ ಕಡಿದುಹೋಗುತ್ತದೆ. “ಆದರ ತೂತಿನ ಮ್ಯಾಲ ಭರವಸಿ ಇಡಬ್ಯಾಡ್ರಿ. ಪಾಚಿ ಕಟ್ಟಿ ಮುಚ್ಚಿಹೋಗ್ತದ. ಕೆಳಗ ಜಾಗಾ ಇಡ್ರಿ, ಜಾಗಾ ಎಂದೂ ಕೆಡೂದಿಲ್ಲ” ಎಂದು ಭಾವನವರು ಎಚ್ಚರಿಸಿದರು. ಇಂಜಿನಿಯರರ ಗ್ರಂಥಗಳಲ್ಲಿ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಸಿಕ್ಕಿಲ್ಲ.

ಕೋಡಿಯ ಕೊಳವೆ ಒಂದೇ ಇದ್ದುದನ್ನು ಎರಡು ಮಾಡಿದೆವು. ಮೊದಲನೆಯದಕ್ಕೆ ಒಂದು ತಿರುಪು. ಅದನ್ನು ತುಸುತುಸುವೇ ಬಿಗಿಯುತ್ತ ಬಂದರೆ ಕೊಳವೆಯ ತುಂಬ ನೀರೇ ಇಳಿದು, ಗುಡುಗುಡಿ ಸೇದಿದಂಥ ಸದ್ದು ನಿಂತುಹೋಗುತ್ತದೆ. ಎರಡನೆಯದು ಸ್ವಲ್ಪ ಎತ್ತರದಲ್ಲಿ ಬರಿದಾಗಿ ಕಾದಿರುತ್ತದೆ. ಮೊದಲನೆಯದಕ್ಕೆ ಬಸವನಹುಳುವೋ ಪಾಚಿಯೋ ಅಡ್ಡ ಬಂದ ದಿನ ಎಲ್ಲ ನೀರನ್ನೂ ಅದೊಂದೇ ಹೊರಬೇಕು. ಹೊರಬಲ್ಲುದೇ ಎಂದು ಮೊದಲನೆಯದನ್ನು ಬೇಕೆಂದೇ ಮುಚ್ಚಿ ನೋಡಿದೆವು. ವಿದ್ಯುತ್ತಿನ ಗುಂಡಿಯನ್ನೂ ಆರಿಸಿ ನೋಡಿದೆವು. ಪರೀಕ್ಷೆಗೆ ಕೂರಿಸದೆ ಯಾರನ್ನೂ ಉತ್ತೀರ್ಣರೆನ್ನಬಾರದಷ್ಟೆ.

ಕೊಡದ ಲೆಕ್ಕ

ಪಂಪಿನ ಮೇಲೆ ಗಂಟೆಗೆ 2,000 ಲೀಟರು ಎಂದು ಬರೆದಿತ್ತು. ಭಾವನವರು ನಕ್ಕು, 15 ಲೀಟರಿನ ಕೊಡವೊಂದನ್ನು ಮೇಲಿನ ಕೊಳವೆಯ ಬಾಯಿಗೆ ಹಿಡಿಸಿದರು. ತುಂಬಲು 90 ಸೆಕೆಂಡು ಬೇಕಾಯಿತು. ಎಂದರೆ ಗಂಟೆಗೆ 600 ಲೀಟರು ಮಾತ್ರ! ಬರೆದ ಸಂಖ್ಯೆ ಸುಳ್ಳಲ್ಲ. ಅದು ನೀರನ್ನು ಎತ್ತರಕ್ಕೇರಿಸದೆ ಹರಿಯಬಿಟ್ಟಾಗಿನ ಲೆಕ್ಕ. ನಮ್ಮ ಪಂಪು ಒಂದೂಕಾಲು ಮೀಟರಿಗಿಂತ ಹೆಚ್ಚು ಎತ್ತರಕ್ಕೆ, ಬೆರಳು ದಪ್ಪದ ಕೊಳವೆಯಲ್ಲಿ, ನಾಲ್ಕು ತಿರುವು ದಾಟಿ ಏರಿಸಬೇಕಾಗಿತ್ತು. ಕೊಳವೆಯ ವ್ಯಾಸವನ್ನು ಇಮ್ಮಡಿ ಮಾಡಿದರೆ ಅಷ್ಟೇ ನೀರಿಗೆ ಘರ್ಷಣೆಯ ನಷ್ಟ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ಕೊಳವೆ ಹಾಕಿ, ತಿರುವುಗಳನ್ನು ಎರಡಕ್ಕಿಳಿಸಿದೆವು. ಅದೇ ಪಂಪು, ಅದೇ ಕೊಡ. 55 ಸೆಕೆಂಡಿನಲ್ಲಿ ತುಂಬಿತು. ಗಂಟೆಗೆ ಸುಮಾರು 980 ಲೀಟರು! ಬಂಡೆ, ಮರಳುಗಳನ್ನು ಕಳೆದರೆ ಮೇಲಿನ ತೊಟ್ಟಿಯಲ್ಲಿ ಉಳಿಯುವ ನೀರು 200 ಲೀಟರು. ಅದು ಗಂಟೆಗೆ ಐದು ಸಲ ಸುತ್ತಿ ಬಂದಂತಾಯಿತು. ಶುದ್ಧೀಕರಣಕ್ಕೆ ಇಷ್ಟು ಸಾಕು. ದೊಡ್ಡ ಪಂಪು ಕೊಂಡಿದ್ದರೆ ಹಣವೂ ಹೋಗುತ್ತಿತ್ತು, ಅದರ ಬಿಸಿಯೂ ನೀರಿಗೇ ಸೇರುತ್ತಿತ್ತು.

ಆದರೆ ಮೇಲು-ಕೆಳಗಿನ ಈ ಸುತ್ತು ಬೇರೆ, ತೊಟ್ಟಿಯೊಳಗಿನ ಅಲೆ ಬೇರೆ. ಹವಳದ ದಿಬ್ಬದಲ್ಲಿ ನೀರು ನದಿಯಂತೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಬರುತ್ತದೆ, ಒಡೆಯುತ್ತದೆ, ಹಿಂದಿರುಗುತ್ತದೆ. ಸಾಧಾರಣವಾಗಿ ತೊಟ್ಟಿಯ ನೀರು ಗಂಟೆಗೆ ಇಪ್ಪತ್ತು ಸಲವಾದರೂ ಕದಡಬೇಕೆಂದು ಬಲ್ಲವರು ಹೇಳುತ್ತಾರೆ. ಕವಲೊಡೆದು ಬೆಳೆಯುವ ಕಲ್ಲುಹವಳಗಳಿಗೆ ಇನ್ನೂ ಹೆಚ್ಚು ಬೇಕು, ಮೆತ್ತನೆಯ ಜಾತಿಗಳಿಗೆ ಕಡಮೆ ಸಾಕು.

ಈ ಅಲೆಯ ಹಂಬಲ ಹಳೆಯದು. ಜಕಾರ್ತಾದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಜೀವಂತ ಬಂಡೆಗಳನ್ನು ತೊಟ್ಟಿಯಲ್ಲಿಟ್ಟು, ಮೆಲ್ಲನೆ ಏಳುವ ಗಾಳಿಗುಳ್ಳೆಗಳಿಂದಲೇ ನೀರನ್ನು ಆಡಿಸುತ್ತಿದ್ದರು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ವಾಲ್ಟರ್ ಏಡಿಯವರು 1980ರಲ್ಲಿ ಹವಳದ ದಿಬ್ಬವೊಂದನ್ನೇ ನಿರ್ಮಿಸಿ, ಅದಕ್ಕೆ ಕೃತಕ ಅಲೆಯನ್ನು ಕೊಟ್ಟರು. ಹವಾಯಿಯ ವೈಕಿಕಿ ಮತ್ಸ್ಯಾಲಯದ ಬ್ರೂಸ್ ಕಾರ್ಲ್‌ಸನ್ನರ ಉಪಾಯ ಇನ್ನೂ ಸೊಗಸು. ಎತ್ತರದಲ್ಲೊಂದು ಪೀಪಾಯಿ ನಿಧಾನವಾಗಿ ತುಂಬುತ್ತದೆ. ಒಂದು ಮಟ್ಟ ಮುಟ್ಟಿದೊಡನೆ ಸೈಫನ್ ಹಿಡಿದು, ಅಷ್ಟೂ ನೀರು ಒಮ್ಮೆಲೇ ಅಲೆಯಾಗಿ ತೊಟ್ಟಿಗೆ ನುಗ್ಗುತ್ತದೆ. ವಸುದೇವನು ಶಿಶು ಕೃಷ್ಣನನ್ನು ಹೊತ್ತು ನಿಂತ ಹಿತ್ತಾಳೆಯ ಬಟ್ಟಲನ್ನು ನೀವು ನೋಡಿರಬಹುದು. ನೀರು ಕೃಷ್ಣನ ಪಾದವನ್ನು ಮುಟ್ಟಿದೊಡನೆ ಬಟ್ಟಲು ಬರಿದಾಗುತ್ತದೆ. ತತ್ತ್ವ ಒಂದೇ.

ನಾವು ಪೀಪಾಯಿಯ ಗೋಜಿಗೆ ಹೋಗಲಿಲ್ಲ. ಗಂಟೆಗೆ 3,000 ಲೀಟರು ನೂಕುವ, ಆರು ವಾಟಿನ ಎರಡು ಚಿಕ್ಕ ಅಲೆಪಂಪುಗಳನ್ನು ತೊಟ್ಟಿಯ ಎರಡು ತುದಿಗಳಲ್ಲಿ ಅಂಟಿಸಿದೆವು. ಐದು ನಿಮಿಷ ಎಡದಿಂದ, ಐದು ನಿಮಿಷ ಬಲದಿಂದ. ನಡುವೆ ಕೊಂಚ ಹೊತ್ತು ಎರಡೂ ಸೇರಿ. ಎರಡು ಹೊನಲುಗಳೂ ಮುಂಬದಿಯ ಗಾಜಿಗೆ ಓರೆಯಾಗಿ ಬಡಿದು ಒಡೆಯುವಂತೆ ತಿರುಗಿಸಿದೆವು.

“ಈಗ ಹ್ಯಾಂಗ ಮಾಮಾ, ಸರಿ ಆತೇನು?” ಎಂದಳು ಮಗಳು.

“ಹನಿ ನೀರಾವರಿ ಹಾಕಿದಾಗ ಮೋಟಾರ ಹಂತ್ಯಾಕ ಇರೂ ಗಿಡ ನೋಡಬಾರದವ್ವಾ. ಸಾಲಿನ ಕೊನೀ ಗಿಡಕ್ಕ ನೀರು ಮುಟ್ಟೇದೋ ಇಲ್ಲೋ, ಅದನ್ನ ನೋಡಬೇಕು.”

ಚಿಟಿಕೆ ಮೀನಿನ ಪುಡಿಯನ್ನು ನೀರಿಗುದುರಿಸಿ ದೀಪ ಹಿಡಿದು ನೋಡಿದೆವು. ಎಲ್ಲೆಡೆಯೂ ಪುಡಿ ಸುಳಿದಾಡಿತು. ಹಿಂಬದಿಯ ಒಂದು ಮೂಲೆಯಲ್ಲಿ ಮಾತ್ರ ನಿಂತುಬಿಟ್ಟಿತು. ಅಲ್ಲಿಯೇ ಕೆಸರೂ ಕೂಡಿಬಿದ್ದಿತ್ತು. ಬಂಡೆಗಳನ್ನು ಹಿಂಗಾಜಿನಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸಿ, ಅಡಿಯಲ್ಲಿ ಸಂದು ಬಿಟ್ಟೆವು. ಕೊನೆಯ ಗಿಡಕ್ಕೂ ನೀರು ಮುಟ್ಟಿತು.

ಕತ್ತಲೆಗೂ ಬಿಸಿಲಿಗೂ

ಇನ್ನು ವಿದ್ಯುತ್ತು. ಮೇಲಕ್ಕೇರಿಸುವ ಪಂಪು ಕೆಲವು ಗಂಟೆ ನಿಂತರೆ ಕೇಡಿಲ್ಲ. ಮೇಲ್ಮೈ ಕದಡುವುದು ನಿಲ್ಲಬಾರದು. ಮನೆಯಲ್ಲಿದ್ದ ಇನ್ವರ್ಟರಿಗೆ ಒಂದು ಅಲೆಪಂಪನ್ನು ಜೋಡಿಸಿ, ಅದರ ಮುಖವನ್ನು ಮೇಲ್ಮೈಯ ಕಡೆ ತಿರುಗಿಸಿದೆವು. ಆರು ವಾಟಿನ ಪಂಪು ಹತ್ತು ಗಂಟೆ ತಿರುಗಿದರೆ ಬಳಕೆಯಾಗುವುದು 60 ವಾಟ್-ಗಂಟೆ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1,800. ಮೂವತ್ತರಲ್ಲಿ ಒಂದು ಪಾಲು! ಆ ರಾತ್ರಿ ಮೂರು ಜೀವಗಳನ್ನುಳಿಸಲು ಇಷ್ಟೇ ಸಾಕಾಗಿತ್ತು. ಬೀಸಣಿಗೆ ಹಿಡಿದು ಮಲಗಿದ್ದ ನನಗೆ ಅದು ಹೊಳೆದಿರಲಿಲ್ಲ.

ಬಿಸಿಲಿಗೆ ಉಪಾಯ ನಮ್ಮ ಮಣ್ಣಿನ ಗಡಿಗೆಯದೇ. ಆವಿಯಾಗುವ ನೀರು ಉಳಿದ ನೀರಿನ ಬಿಸಿಯನ್ನು ಕೊಂಡೊಯ್ಯುತ್ತದೆ. ಒಂದು ಲೀಟರು ಆವಿಯಾದರೆ 200 ಲೀಟರಿನ ಉಷ್ಣತೆ ಸುಮಾರು ಮೂರು ಡಿಗ್ರಿ ಇಳಿಯಬಲ್ಲದು. ಕಲಬುರಗಿಯ ಒಣಹವೆ ಇದಕ್ಕೆ ಅನುಕೂಲ. ಕೆಳತೊಟ್ಟಿಯ ಮೇಲೆ ಚಿಕ್ಕ ಪಂಕವೊಂದು ಗಾಳಿ ಬೀಸುತ್ತದೆ. ಒಂದು ಮಾತನ್ನು ಮರೆಯಬಾರದು: ಆರಿಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದುದರಿಂದ ಆರಿದಷ್ಟನ್ನು ಉಪ್ಪಿಲ್ಲದ ಶುದ್ಧಜಲದಿಂದಲೇ ತುಂಬಬೇಕು. ಕಡುಬೇಸಗೆಯಲ್ಲಿ ಪಂಕವೊಂದೇ ಸಾಲದೆ ಕೋಣೆಯನ್ನೇ ತಂಪಾಗಿಸಬೇಕಾಗುತ್ತದೆ. ಅಷ್ಟು ಶಕ್ತಿಯಿಲ್ಲದವರು ಈ ಹವ್ಯಾಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಕೊಳ್ಳಬಾರದ ಹವಳ

ಕೊನೆಯದಾಗಿ ಮುಖ್ಯವಾದ ಮಾತು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳನ್ನೂ, ಕಡಲಬೀಸಣಿಗೆಗಳನ್ನೂ 2001ರಲ್ಲಿಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಸೇರಿಸಲಾಗಿದೆ. ಕಡಲಿನಿಂದ ಕಿತ್ತು ತಂದ ಹವಳವನ್ನು ಕೊಳ್ಳುವುದು ಅಪರಾಧ. ಕಾಯಿದೆಯ ಮಾತಿರಲಿ, ಸಮುದ್ರದ ಉಷ್ಣತೆಯು ಅಲ್ಲಿನ ಬೇಸಗೆಯ ವಾಡಿಕೆಯ ಗರಿಷ್ಠ ಮಟ್ಟವನ್ನು ಒಂದೇ ಡಿಗ್ರಿಯಷ್ಟು ಮೀರಿ ನಾಲ್ಕಾರು ವಾರ ನಿಂತರೂ ಹವಳವು ತನ್ನೊಳಗಿನ ಪಾಚಿಯನ್ನು ಹೊರಗಟ್ಟಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಜಗತ್ತಿನಾದ್ಯಂತ ಹಾಗಾಯಿತು. 2024ರಲ್ಲಿ ವಿಜ್ಞಾನಿಗಳು ಸಾರಿದ್ದು ಅಂಥ ನಾಲ್ಕನೆಯ ವಿಪತ್ತನ್ನು. ಆ ವರ್ಷ ನಮ್ಮ ಲಕ್ಷದ್ವೀಪದ ಹವಳಗಳೂ ಬಿಳಿಚಿದವು. ಅಪಾರವಾದ ಕಡಲೇ ಕಾಪಾಡಲಾರದ ಜೀವವನ್ನು ಇನ್ನೂರು ಲೀಟರಿನಲ್ಲಿ ಕಾಪಾಡುತ್ತೇನೆಂದು ಹೊರಡುವವನು ಮೊದಲು ನೀರನ್ನು ನಡೆಸುವುದನ್ನು ಕಲಿಯಬೇಕು.

ಇದನ್ನು ತಿಳಿಸಿ ಹೇಳಿದಾಗ ಮಗಳು ಒಪ್ಪಿಕೊಂಡಳು. ಒಂದು ವರ್ಷ ಬರಿಯ ಬಂಡೆ, ಉಳಿದೆರಡು ಮೀನುಗಳು. ವರ್ಷ ತುಂಬಿದ ಮೇಲೆ, ಕಾಯಿದೆಗೆ ವಿರೋಧವಿಲ್ಲವೆಂದು ವಿಚಾರಿಸಿಕೊಂಡು, ಇನ್ನೊಬ್ಬ ಹವ್ಯಾಸಿಯು ತನ್ನ ತೊಟ್ಟಿಯಲ್ಲಿ ಬೆಳೆಸಿದ್ದ ಅಣಬೆ ಹವಳದ ಒಂದು ಮರಿಯನ್ನು ತಂದೆವು. ಹೆಸರಿಗೆ ಹವಳವಾದರೂ ಅದು ಕಲ್ಲು ಕಟ್ಟದ ಮೆತ್ತನೆಯ ಜೀವ. ಮೆಲ್ಲನೆಯ ನೀರು ಅದಕ್ಕೆ ಪ್ರಿಯ. ಹಿಂಬದಿಯಲ್ಲಿ, ಹಿಂದೆ ಪುಡಿ ನಿಂತಿದ್ದ ಮೂಲೆಯೇ ಅದಕ್ಕೆ ತಕ್ಕ ಜಾಗವಾಯಿತು. ಮೂರು ದಿನ ಮುದುಡಿಕೊಂಡಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಅರಳಿತು.

ಕಳೆದ ಬೇಸಗೆಯಲ್ಲಿ ಮತ್ತೊಂದು ಗಾಳಿಮಳೆಯ ರಾತ್ರಿ ವಿದ್ಯುತ್ತು ಹೋಯಿತು. ನಾನು ದಿಗ್ಗನೆದ್ದು ಪಡಸಾಲೆಗೆ ಬಂದೆ. ಮಗಳು ಆಗಲೇ ಅಲ್ಲಿದ್ದಳು. ಬರಿಗಾಲಿನಿಂದ ನೆಲವನ್ನು ಸವರಿ ನೋಡುತ್ತಿದ್ದಳು. ಶಹಾಬಾದ ಕಲ್ಲು ಒಣಗಿಯೇ ಇತ್ತು. ಕತ್ತಲೆಯಲ್ಲಿ ಆರು ವಾಟಿನ ಪಂಪು ಸಣ್ಣಗೆ ಗುನುಗುತ್ತಿತ್ತು. ನೀರಿನ ಮೇಲ್ಮೈ ನಡುಗುತ್ತಿತ್ತು.

“ನಡೀತದಪ್ಪಾ” ಎಂದು ಹೇಳಿ ಅವಳು ಹೋಗಿ ಮಲಗಿದಳು.